ಉಂಬರದ ಮೊಣಕೈ

ಬೆಳಿಗ್ಗೆ ಹುಡುಗರು ಕುಸ್ತಿಯ ಕೆಂಪು ಮಣ್ಣಿಗೆ ಇಳಿಯುವ ಹೊತ್ತಿಗೆ ಹಿಂದುರಾವ್ ಅಸವಲೆ ಬಂದು ಅಂಚಿನ ಕಲ್ಲಿನ ಮೇಲೆ ಕೂರುತ್ತಾರೆ. ಕೂತವರು ಎರಡೂ ಅಂಗೈಗಳನ್ನು ತೊಡೆಗಳ ಕೆಳಗೆ ತೂರಿಸಿ ಅವುಗಳ ಮೇಲೆ ಭಾರ ಬಿಡುತ್ತಾರೆ. ಎಡಗೈ ಪೂರ್ತಿ ನೇರವಾಗದ್ದರಿಂದ ಆ ಕಡೆಗೆ ಮೈ ಸ್ವಲ್ಪ ವಾಲಿರುತ್ತದೆ. ಕಣದಲ್ಲಿ ಯಾರಾದರೂ ಭುಜ ಹಿಡಿದುಕೊಂಡು ಎದ್ದರೆ ಬಲಗೈ ತಾನಾಗಿ ಹೊರಗೆ ಬರಲು ನೋಡುತ್ತದೆ. ಹಿಂದುರಾವ್ ಇನ್ನಷ್ಟು ಗಟ್ಟಿಯಾಗಿ ಅದರ ಮೇಲೆ ಕೂರುತ್ತಾರೆ.

"ವಸ್ತಾದ್, ಕೈ ಜುಮುಗುಡಂಗಿಲ್ಲೇನ್ರಿ?" ಎಂದು ಒಬ್ಬ ಕೇಳಿದ.

"ಜುಮುಗುಟ್ಟಲಿ. ಜುಮುಗುಟ್ಟಿದ್ರ ಇನ್ನೊಬ್ಬರ ಮೈಮ್ಯಾಲೆ ಹೋಗೂದಿಲ್ಲ."

ಕೊಲ್ಹಾಪುರದ ನಮ್ಮ ಪೇಠೆಯಲ್ಲಿ ಈ ದೃಶ್ಯವನ್ನು ನೋಡಲೆಂದೇ ಕೆಲವರು ಬೇಗ ಏಳುತ್ತಿದ್ದಾರೆ. ಆ ಕೈಗಳ ಹೆಸರು ಅಂಥದ್ದು. ಹಿಂದುರಾವ್‌ಗೆ ಅರವತ್ತೊಂದು ವರ್ಷ. ಹೊಟ್ಟೆಪಾಡಿಗೆ ಪೇಠೆಯ ಮೂಲೆಯಲ್ಲಿ ಹಿಟ್ಟಿನ ಗಿರಣಿ. ಮರ್ಯಾದೆಗೆ ಉಂಬರ ತಾಲೀಮಿನ ವಸ್ತಾದಗಿರಿ, ಅಂದರೆ ಗರಡಿಯ ಗುರುತನ. ಮರಾಠಿಯಲ್ಲಿ ಉಂಬರ ಎಂದರೆ ಅತ್ತಿ; ಅಂಗಳದಲ್ಲಿ ಅತ್ತಿಮರವೊಂದು ಇರುವುದರಿಂದ ತಾಲೀಮಿಗೆ ಆ ಹೆಸರು. ಕುಸ್ತಿಯ ಪಟ್ಟುಗಳನ್ನು ಅವರಿಗಿಂತ ಚೆನ್ನಾಗಿ ಕಲಿಸುವವರು ಊರಲ್ಲಿ ಹತ್ತಾರು ಮಂದಿ ಇದ್ದಾರೆ. ಆದರೆ ತಿಕ್ಕುವುದರಲ್ಲಿ ಅವರ ಸಮಕ್ಕೆ ಯಾರೂ ಇಲ್ಲ ಎಂಬುದು ಪೇಠೆಯ ತೀರ್ಮಾನ. ಕೈಯೋ ಕಾಲೋ ಉಳುಕಿದ, ಕೀಲು ತಪ್ಪಿದ, ಊದಿಕೊಂಡ ಪೈಲ್ವಾನರು ಅವರ ಮುಂದೆ ಬಂದು ಮಲಗುತ್ತಾರೆ. ಅರಿಸಿನ ಕಾಯಿಸಿದ ಎಳ್ಳೆಣ್ಣೆ, ಎರಡು ಹೆಬ್ಬೆರಳು, ಒಂದು ಸಿದ್ಧಾಂತ: ನೋವು ಎಷ್ಟು ಆಳದಲ್ಲಿದೆಯೋ ಹೆಬ್ಬೆರಳು ಅಷ್ಟು ಆಳಕ್ಕೆ ಹೋಗಬೇಕು.

ಈ ಸಿದ್ಧಾಂತ ಫಲ ಕೊಟ್ಟಿಲ್ಲ ಎನ್ನುವಂತಿಲ್ಲ. ಉಂಬರ ತಾಲೀಮಿನಲ್ಲಿ ಪಳಗಿದ ಹಳೆಯ ಪೈಲ್ವಾನರನ್ನು ಜಿಲ್ಲೆಯಲ್ಲಿ ಎಲ್ಲಿ ಕಂಡರೂ ಗುರುತಿಸಬಹುದು. ಅವರ ಒಂದು ಮೊಣಕೈ ನೇರವಾಗುವುದಿಲ್ಲ, ಪೂರ್ತಿ ಮಡಚುವುದೂ ಇಲ್ಲ. ಚಹಾದ ಬಸಿಯನ್ನು ಬಾಯಿಗೆ ತರುವ ಬದಲು ಬಾಯಿಯನ್ನೇ ಬಸಿಗೆ ತರುತ್ತಾರೆ. ಸಂಜೆ ಪೇಠೆಯ ಹರಟೆಯ ಕಟ್ಟೆಯ ಬಳಿ ಎಮ್ಮೆಯನ್ನು ನಿಲ್ಲಿಸಿ ನೊರೆಹಾಲು ಕರೆದು ಕೊಡುವ ಗೌಳಿಗ, ಕೈ ಹೇಗೆ ಚಾಚಿತು ಎಂಬುದನ್ನು ನೋಡಿಯೇ "ಉಂಬರದವರಾ?" ಎಂದು ಕೇಳುತ್ತಾನೆ. ಬೇರೆ ತಾಲೀಮಿನವರು ಕುಸ್ತಿಯಲ್ಲಿ ಉಜ್ಜಿ ಮುದುಡಿದ ಕಿವಿ ತೋರಿಸಿ ಬೀಗುತ್ತಾರೆ. ನಮ್ಮವರಿಗೆ ಕಿವಿಯ ಜೊತೆಗೆ ಮೊಣಕೈಯೂ ಇದೆ. ಮದುವೆಯ ಮಾತುಕತೆಯಲ್ಲಿ ಹುಡುಗನ ಮೊಣಕೈಯನ್ನು ವಿದ್ಯಾಭ್ಯಾಸದ ಸಾಲಿನಲ್ಲಿ ಹೇಳಿದ್ದೂ ಉಂಟು. ಇದು ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಮಣ್ಣಿನ ಗುಣ ಎಂದುಕೊಂಡಿದ್ದರು.

ದೀಪಾವಳಿ ಕಳೆದ ಮೇಲೆ ಸಂಗ್ರಾಮ ಢೇರೆಯ ತೊಡೆಗೆ ಏಟು ಬಿತ್ತು. ಕಾಗಲ್ ಕಡೆಯ ಹಳ್ಳಿಯ ಹುಡುಗ. ಇಪ್ಪತ್ತೆರಡು ವರ್ಷ. ಈ ಋತುವಿನಲ್ಲಿ ಉಂಬರಕ್ಕೆ ಹೆಸರು ತರಬಲ್ಲವನು ಅವನೊಬ್ಬನೇ. ಅಭ್ಯಾಸದ ಕುಸ್ತಿಯಲ್ಲಿ ಎದುರಾಳಿಯ ಮಂಡಿ ಅವನ ಎಡತೊಡೆಯ ಮುಂಭಾಗಕ್ಕೆ ಬಡಿಯಿತು. ಸಂಜೆಯ ಹೊತ್ತಿಗೆ ಅಂಗೈಯಗಲ ನೀಲಿಗಟ್ಟಿತ್ತು. ಪೇಠೆಯ ದವಾಖಾನೆಯ ಡಾಕ್ಟರು ಮಂಜುಗಡ್ಡೆ ಇಡಲು, ಮಲಗಿರಲು ಹೇಳಿದರು. ಬರ್ಫ ಹಾಕುವುದು ಬಾದಾಮಿಯ ಥಂಡಾಯಿಗೆ, ಮಲಗಿರುವುದು ಪಿಂಚಣಿದಾರರಿಗೆ ಎಂದು ಕಟ್ಟೆ ತೀರ್ಪು ಕೊಟ್ಟಿತು. ಹಿಂದುರಾವ್ ಎಣ್ಣೆ ಬಿಸಿಗಿಟ್ಟರು.

ದಿನಾ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಅವರು ಗಿರಣಿಗೆ ಹೋದಾಗ ಉಳಿದವರು ಸರದಿಯಲ್ಲಿ ತಿಕ್ಕಿದರು. ನೋಡಲು ಬಂದವರು ಬರಿಗೈಲಿ ಹೋಗಬಾರದೆಂದು ಒಂದೊಂದು ಸಲ ಒತ್ತಿ ಹೋದರು. ಒಂದೆರಡು ವಾರ ಕಳೆಯುವುದರಲ್ಲಿ ನೀಲಿ ಬಣ್ಣ ಹೋಯಿತು. ಆ ಜಾಗದಲ್ಲಿ ನಿಂಬೆಕಾಯಿಯಷ್ಟು ಗಟ್ಟಿ ಗಂಟು ಉಳಿಯಿತು.

"ನೆತ್ತರ ಗಂಟಾಗೇತಿ. ಒಡೀಬೇಕು" ಎಂದರು ಹಿಂದುರಾವ್.

"ಹೌದ್ಹೌದು, ಒಡೀಬೇಕು" ಎಂದರು ಕಟ್ಟೆಯ ಹಿರಿಯ ಶಿರಪತಿ ತಾತ್ಯಾ. ಎಪ್ಪತ್ತಮೂರು ವರ್ಷದ ಈ ಮಾಜಿ ಪೈಲ್ವಾನರು ಪೇಠೆಯಲ್ಲಿ ಯಾರ ಕಾಯಿಲೆಗೂ ಅಭಿಪ್ರಾಯ ಕೊಡದೆ ಬಿಟ್ಟವರಲ್ಲ.

ಒಡೆಯಲು ಹೊರಟಷ್ಟೂ ಗಂಟು ಬೆಳೆಯಿತು. ಮೊಟ್ಟೆಯಷ್ಟಾಯಿತು. ಸುಮ್ಮನೆ ಮಲಗಿದಾಗಲೂ ನೋಯತೊಡಗಿತು. ಮಂಡಿ ಮಡಚದಂತಾಯಿತು. ಕೊನೆಗೆ ಅವನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದವಳು ಹಿಂದುರಾವ್ ಅವರ ಹೆಂಡತಿ ಹೌಸಾಬಾಯಿ. ತಾಲೀಮಿನ ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಅವಳು ಬಾಗಿಲಲ್ಲಿ ರಿಕ್ಷಾ ನಿಲ್ಲಿಸಿ ಹೊರಗಿಂದಲೇ ಕೂಗಿದಳು, "ಸಂಗ್ರಾಮ, ಬಾ ಹೊರಗ. ನಿನ್ನ ತೊಡಿ ತೊಡಿಯಾಗಿ ಉಳೀಬೇಕಂದ್ರ ಈಗ ಬಾ."

ಅಲ್ಲಿನ ಸರ್ಜನ್ ಎಚ್ಚರದ ಮನುಷ್ಯ. ಗಂಟಿನಿಂದ ಚಿಕ್ಕ ತುಂಡು ತೆಗೆಸಿ ಪರೀಕ್ಷೆಗೆ ಕಳಿಸಿದರು. ಎಳೆಯ ಜೀವಕೋಶಗಳು ಅವಸರದಿಂದ ಬೆಳೆಯುತ್ತಿವೆ, ಅಡ್ಡಾದಿಡ್ಡಿ ಮೂಳೆ ಕಟ್ಟುತ್ತಿವೆ, ಮೂಳೆಯ ಕ್ಯಾನ್ಸರ್ ಅಲ್ಲವೆನ್ನಲು ಆಗದು ಎಂದು ವರದಿ ಬಂತು. ಅದು ಖಚಿತವಾದರೆ ಕಾಲನ್ನು ಸೊಂಟದ ಹತ್ತಿರದಿಂದ ತೆಗೆಯಬೇಕಾಗಬಹುದು ಎಂದು ಸರ್ಜನ್ ಹೇಳಿದರು. ಖಚಿತಪಡಿಸಿಕೊಳ್ಳಲು ತುಂಡಿನ ತೆಳು ಪದರ ಅಂಟಿಸಿದ ಗಾಜಿನ ಪಟ್ಟಿಗಳನ್ನು ಮಿರಜಿನ ಡಾಕ್ಟರ್ ರೇವತಿ ಸಬನೀಸ್ ಅವರಿಗೆ ಕಳಿಸಿದರು. ಸಬನೀಸ್ ಇಪ್ಪತ್ತು ವರ್ಷದಿಂದ ಮೂಳೆಯ ತುಂಡುಗಳನ್ನೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಬಂದವರು.

ಸಂಗ್ರಾಮ ಊರಲ್ಲಿದ್ದ ತಾಯಿಗೆ ಫೋನಿನಲ್ಲಿ ಸ್ನಾಯು ಊದಿದೆ ಎಂದಷ್ಟೇ ಹೇಳಿದ. ಆಮೇಲೆ ಅತ್ತಿಮರದ ಬುಡದಲ್ಲಿ ಕೂತು ಎರಡು ಕಾಲುಗಳನ್ನೂ ಮುಂದೆ ಚಾಚಿಕೊಂಡು ಬಹಳ ಹೊತ್ತು ನೋಡಿದ.

ಸಬನೀಸ್ ರೋಗಿಯನ್ನೇ ನೋಡಬೇಕೆಂದರು. ಹಿಂದುರಾವ್ ಜೊತೆಗೆ ಹೋದರು. ತಲೆಗೆ ಫೇಟಾ ಸುತ್ತಿದ್ದರು, ಅಂದರೆ ಹೌಸಾಬಾಯಿ ಸುತ್ತಿ ಕಳಿಸಿದ್ದಳು. ಎಡಗೈ ತಲೆ ಮುಟ್ಟದ್ದರಿಂದ ಮದುವೆಯಾದಂದಿನಿಂದ ಅದು ಅವಳ ಕೆಲಸ.

ಡಾಕ್ಟರು ತೊಡೆ ನೋಡಿದರು. ಗಂಟಿನ ಸುತ್ತ ಚರ್ಮ ಎಣ್ಣೆಯಿಂದ ಹೊಳೆಯುತ್ತಿತ್ತು.

"ಇದನ್ನ ಯಾರು ತಿಕ್ಕಿದ್ರು?"

ಹಿಂದುರಾವ್ ಎದ್ದು ನಿಂತರು. ಮೈದಾನಗಳಲ್ಲಿ ಗೆದ್ದ ಪೈಲ್ವಾನನ ವಸ್ತಾದನ ಹೆಸರು ಕೇಳುತ್ತಾರೆ. ಆಗ ಹೀಗೆಯೇ ಎದ್ದು ನಿಲ್ಲಬೇಕು.

"ನಾನರೀ. ಉಂಬರ ತಾಲೀಮಿನ ಹಿಂದುರಾವ್ ಅಸವಲೆ."

"ದಿನಾ?"

"ಎರಡ್ ಹೊತ್ತು. ಒಂದ್ ದಿನಾನೂ ತಪ್ಪಿಸಿಲ್ರಿ. ನನಗ ಜ್ವರ ಬಂದಾಗೂ ತಪ್ಪಿಸಲಿಲ್ಲ."

ಡಾಕ್ಟರು ಬಿರುದು ಕೊಡುತ್ತಾರೆ ಎಂದುಕೊಂಡವರಂತೆ ಅವರು ಕಾದರು. ಸಬನೀಸ್ ಹಿಂದುರಾವ್ ಅವರ ಎಡಗೈಯನ್ನು ನೋಡಿದರು.

"ಆ ಮೊಣಕೈ?"

"ಇದು ಹಳೇದರಿ. ಹುಡುಗ ಇದ್ದಾಗ ತಪ್ಪಿತ್ತು. ನಮ್ಮ ಶಿರಪತಿ ತಾತ್ಯಾ ತಿಕ್ಕಿ ತಿಕ್ಕಿ ಸರಿ ಮಾಡಿದ್ರು."

"ಸರಿ ಆಗೇತಾ?"

"ಇಷ್ಟು ಆಗೇತ್ರಿ" ಎಂದು ಹಿಂದುರಾವ್ ಎಷ್ಟು ಎಂಬುದನ್ನು ತೋರಿಸಿದರು. ಕೈ ಅರ್ಧಕ್ಕೆ ನಿಂತಿತು.

"ತಾತ್ಯಾ ಅವರ ಕೈ?"

"ಅವರದೂ ಹಿಂಗ ಐತಿ. ಅವರದು ಅವರ ವಸ್ತಾದರು ತಿಕ್ಕಿದ್ದು."

ಸಬನೀಸ್ ಮೂರು ತಲೆಮಾರಿನ ಕೈಗಳನ್ನೂ ಕಾಗದದ ಮೇಲೆ ಬರೆದುಕೊಂಡರು. ಗುರುಪರಂಪರೆಯ ಬಗ್ಗೆ ಅವರಿಗೆ ಗೌರವ ಇದ್ದಿರಬೇಕು. ಆಮೇಲೆ ಸೂಕ್ಷ್ಮದರ್ಶಕದ ಕಡೆಗೆ ಕುರ್ಚಿ ಎಳೆದು ನೋಡಲು ಹೇಳಿದರು. ಹಿಂದುರಾವ್ ಬಗ್ಗಿದರು. ಏನೂ ಕಾಣಲಿಲ್ಲ.

"ಕಣ್ಣು ತೆರೀರಿ" ಎಂದರು ಡಾಕ್ಟರು.

ಆಗ ಗುಲಾಬಿ ಬಣ್ಣ ಕಂಡಿತು, ಅದರೊಳಗೆ ನೇರಳೆ ಚುಕ್ಕೆಗಳು.

ಮೂಳೆಯೆಂದರೆ ಮೈಯೊಳಗಿನ ಕಟ್ಟಿಗೆ ಎಂದು ಹಿಂದುರಾವ್ ನಲವತ್ತು ವರ್ಷ ನಂಬಿದ್ದರು. ಮಾಂಸ ಜೀವಂತ, ಮೂಳೆ ಆಸರೆ. ಸಬನೀಸ್ ಹೇಳಿದ್ದರಲ್ಲಿ ಅವರಿಗೆ ಅರ್ಥವಾದದ್ದು ಇಷ್ಟು. ಮೂಳೆಯಲ್ಲಿ ಒಂದು ಬಗೆಯ ಜೀವಕೋಶ ಕಟ್ಟುತ್ತದೆ, ಇನ್ನೊಂದು ಬಗೆಯದು ಹಳೆಯದನ್ನು ಕರಗಿಸಿ ತಿನ್ನುತ್ತದೆ. ನಮ್ಮ ನಗರಪಾಲಿಕೆಯಲ್ಲೂ ರಸ್ತೆ ಹಾಕುವವರು ಬೇರೆ, ಅಗೆಯುವವರು ಬೇರೆ. ಆದರೆ ಮೂಳೆಯೊಳಗೆ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರುತ್ತದೆ. ಮೂರನೆಯ ಬಗೆ ಒಂದಿದೆ. ಅವು ಕಟ್ಟುತ್ತ ಕಟ್ಟುತ್ತ ತಾವು ಕಟ್ಟಿದ ಗೋಡೆಯೊಳಗೇ ಸಿಕ್ಕಿಕೊಂಡವು. ಒಂದೊಂದು ಒಂದೊಂದು ಪುಟ್ಟ ಗೂಡಿನಲ್ಲಿ ಕೂತು, ಕೂದಲಿಗಿಂತ ತೆಳುವಾದ ಕಾಲುವೆಗಳ ಮೂಲಕ ಪಕ್ಕದವರಿಗೆ ಸುದ್ದಿ ಮುಟ್ಟಿಸುತ್ತ ಹತ್ತಾರು ವರ್ಷ ಬದುಕುತ್ತವೆ. ಹಿಂದುರಾವ್‌ಗೆ ಇದನ್ನು ಕಲ್ಪಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಕಟ್ಟೆಯ ಮೇಲೆ ಅಂಥವರನ್ನು ದಿನಾ ನೋಡುತ್ತಾರೆ.

"ಇವು ಮೂಳಿಯೊಳಗ ಇರೋವಲ್ಲೇನ್ರಿ?" ಎಂದು ಕೇಳಿದರು. "ತೊಡಿ ಮಾಂಸದಾಗ ಯಾಕ ಬಂದ್ವು?"

"ಮಾಂಸದಾಗ ನೆತ್ತರ ಹೆಪ್ಪುಗಟ್ಟಿತ್ತು. ಸುಮ್ನ ಬಿಟ್ಟಿದ್ರ ಕರಗ್ತಿತ್ತು. ದಿನಾ ಒತ್ತಿ ಒತ್ತಿ ಹೊಸ ಗಾಯ ಮಾಡಿದ್ರಿ. ಅಲ್ಲಿದ್ದ ಎಳೇ ಕೋಶಗಳು, ಇಲ್ಲೇನೋ ಮುರದೈತಿ, ಮೂಳಿ ಕಟ್ಟಬೇಕು ಅಂತ ತಿಳಕೊಂಡು ಕೆಲಸಕ್ಕ ಇಳದಾವ."

"ಅಂದ್ರ ನಾನು ಕಟ್ಟಿಸೇನಿ?"

"ನನ್ನ ಲೆಕ್ಕ ಸರಿ ಇದ್ರ ನೀವೇ ಕಟ್ಟಿಸೀರಿ. ತಪ್ಪಿದ್ರ ಕ್ಯಾನ್ಸರ್ ಕಟ್ಟೇತಿ. ನೀವು ಕಟ್ಟಿಸಿರ್ಲಿ ಅಂತ ಬೇಡ್ಕೋರಿ."

ತುಂಡಿನ ಹೆಚ್ಚಿನ ಭಾಗ ಗಂಟಿನ ನಡುವಿನಿಂದ ಬಂದಿತ್ತು. ಅಲ್ಲಿ ಎಲ್ಲ ಗಡಿಬಿಡಿ. ಅದೊಂದನ್ನೇ ನೋಡಿದರೆ ಯಾರಿಗಾದರೂ ಹೆದರಿಕೆ ಬರುತ್ತದೆ. ಆದರೆ ಒಂದು ತುದಿಯಲ್ಲಿ ಗಂಟಿನ ಅಂಚಿನ ಚೂರು ಉಳಿದಿತ್ತು. ಅಲ್ಲಿ ಮೂಳೆ ಸಾಲುಸಾಲಾಗಿ, ಶಿಸ್ತಾಗಿ ಬಲಿಯುತ್ತಿತ್ತು. ತಿಕ್ಕಿ ಹುಟ್ಟಿಸಿದ ಮೂಳೆ ಹೊರಗಿಂದ ಒಳಕ್ಕೆ ಬಲಿಯುತ್ತದೆ. ಕ್ಯಾನ್ಸರಿನದು ಸಾಮಾನ್ಯವಾಗಿ ಉಲ್ಟಾ. ಚೂರು ತೀರ ಚಿಕ್ಕದಾದ್ದರಿಂದ ಡಾಕ್ಟರು ಮಾತು ಕೊಡಲಿಲ್ಲ. ಮೂರು ವಾರ ಬಿಟ್ಟು ಎಕ್ಸ್‌ರೇ ತೆಗೆಯಬೇಕು. ಗಂಟಿನ ಸುತ್ತ ಮೊಟ್ಟೆಯ ಚಿಪ್ಪಿನಂಥ ಬಿಳಿ ಅಂಚು ಕಂಡರೆ ಕಾಲು ಉಳಿಯಿತು. ಕಾಣದಿದ್ದರೆ ಸರ್ಜನ್ ಹೇಳಿದ ದಾರಿ.

"ಅಲ್ಲೀತನಕ ಔಷಧ?" ಎಂದು ಸಂಗ್ರಾಮ ಕೇಳಿದ. ಆ ದಿನ ಅವನು ಆಡಿದ ಮೊದಲ ಮಾತು.

"ನೋವಿಗೆ ಗುಳಿಗಿ ಕೊಡ್ತೀನಿ. ಉಳಿದದ್ದಕ್ಕ ಯಾರೂ ಮುಟ್ಟಬಾರದು, ಅದೇ ಔಷಧ. ಎಣ್ಣಿ ಬ್ಯಾಡ, ಶಾಖ ಬ್ಯಾಡ, ಕೈ ಬ್ಯಾಡ. ಮತ್ತ ಕೆದಕಿದ್ರ ಗಂಟು ಮತ್ತ ಬೆಳೀತೈತಿ, ನನಗ ಎಕ್ಸ್‌ರೇದಾಗ ಏನೂ ತಿಳಿಯೂದಿಲ್ಲ." ಅವರು ಇದನ್ನು ಹೇಳಿದ್ದು ಹುಡುಗನ ಮುಖ ನೋಡಿಕೊಂಡಲ್ಲ, ಹಿಂದುರಾವ್ ಅವರ ಹೆಬ್ಬೆರಳು ನೋಡಿಕೊಂಡು.

ವಾಪಸು ಬಸ್ಸಿನಲ್ಲಿ ಹಿಂದುರಾವ್ ಹೆಸರುಗಳನ್ನು ಗೊಣಗತೊಡಗಿದರು. ಅವರು ತಿಕ್ಕಿದ ಮೊಣಕೈಗಳ ಒಡೆಯರ ಹೆಸರುಗಳು. ಜಯಸಿಂಗಪುರದಲ್ಲಿ ಶುರುವಾದದ್ದು ಹಾತಕಣಂಗಲೆ ದಾಟಿದರೂ ಮುಗಿಯಲಿಲ್ಲ. ಸಂಗ್ರಾಮ ಕಿಟಕಿಯ ಹೊರಗೆ ನೋಡುತ್ತಿದ್ದ.

ಊರನ್ನು ಸುಮ್ಮನಿರಿಸುವುದು ಮೂಳೆಯನ್ನು ಸುಮ್ಮನಿರಿಸುವಷ್ಟು ಸುಲಭವಲ್ಲ. ಕಟ್ಟೆಯಲ್ಲಿ ಅದೇ ಸಂಜೆ ವಿಚಾರಣೆ ನಡೆಯಿತು.

"ಸುಮ್ನಿರೂದಕ್ಕ ಔಷಧ ಅಂತ ಹೆಸರಿಟ್ಟಾರೇನು?" ಎಂದರು ಶಿರಪತಿ ತಾತ್ಯಾ. "ಹಂಗಾದ್ರ ನಮ್ಮ ಅಳಿಯ ದೊಡ್ಡ ಡಾಕ್ಟರು. ಹತ್ತು ವರ್ಷದಿಂದ ಅದನ್ನೇ ಮಾಡ್ಯಾನ."

"ನಮ್ಮ ಮೊಣಕೈನೂ ಹಿಂಗ ಆಗೇತಂತ ತಾತ್ಯಾ. ತಿಕ್ಕಿದ್ದಕ್ಕ" ಎಂದರು ಹಿಂದುರಾವ್.

"ನಿನ್ನ ಮೊಣಕೈಗೆ ಏನಾಗೇತಿ? ಚಲೋ ಐತಲ್ಲ. ಉಂಬರದ ಮೊಣಕೈ ಅಂದ್ರ ಸಾಂಗ್ಲಿಯೊಳಗ ಹುಡುಗರು ಎದ್ದು ಜಾಗಾ ಬಿಡ್ತಾರ."

"ಬಿಡ್ತಾರ. ಕುಂತ ಮ್ಯಾಲೆ ಚಹಾ ಯಾರು ಕುಡಿಸ್ತಾರ?"

ಕಟ್ಟೆ ನಕ್ಕಿತು. ತಾತ್ಯಾ ನಗಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದೇ. ಐವತ್ತು ವರ್ಷ ಪದಕವೆಂದು ಹೊತ್ತುಕೊಂಡು ತಿರುಗಿದ್ದನ್ನು ಮಿರಜಿನ ಹೆಂಗಸೊಬ್ಬಳು ಕಾಯಿಲೆ ಎಂದರೆ ಯಾರಿಗಾದರೂ ನೋಯುತ್ತದೆ.

ಹಿಂದುರಾವ್ ಹುಡುಗನನ್ನು ತಾಲೀಮಿನಿಂದ ತಮ್ಮ ಮನೆಯ ಹಿಂದಿನ ಕೋಣೆಗೆ ಸಾಗಿಸಿದರು. ಅಲ್ಲಿಗೂ ಜನ ಬಂದರು. ಒಬ್ಬರು ಬೆಳ್ಳುಳ್ಳಿ ಜಜ್ಜಿ ತಂದರು, ಇನ್ನೊಬ್ಬರು ಗಂಟಿನ ಮೇಲೆ ಕಟ್ಟಲು ಬಿಸಿ ಇಟ್ಟಿಗೆಯ ಚೂರು ತಂದರು. ಹೌಸಾಬಾಯಿ ಬೆಳ್ಳುಳ್ಳಿಯನ್ನು ಒಳಗೆ ಬಿಟ್ಟುಕೊಂಡಳು, ತಂದವರನ್ನು ಬಿಟ್ಟುಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಅವಳು ಸಂತೆಗೆ ಹೋಗಿದ್ದಳು. ಹಿಂದುರಾವ್ ಗಿರಣಿ ಮುಚ್ಚಿ ಬಂದರೆ ಕೋಣೆಯಲ್ಲಿ ಶಿರಪತಿ ತಾತ್ಯಾ ಕೂತಿದ್ದರು. ಧೋತರದ ಮಡಿಕೆಯಿಂದ ಎಣ್ಣೆಯ ಸೀಸೆ ಹೊರಗೆ ಬಂದಿತ್ತು, ಮುಚ್ಚಳ ತೆರೆದಿತ್ತು. ಹುಡುಗ ತೊಡೆಗೆ ದಿಂಬು ಅಡ್ಡ ಹಿಡಿದಿದ್ದ.

"ತಾತ್ಯಾ, ಎರಡೂ ಕೈ ಎತ್ತಿ ನಿಮ್ಮ ತಲಿ ಮುಟ್ಟಕೋರಿ" ಎಂದರು ಹಿಂದುರಾವ್.

"ಏನ್ ಆಟಾ ಇದು?"

"ಮುಟ್ಟಕೋರಿ. ಮುಟ್ಟಿದ್ರ ನೀವು ತಿಕ್ಕರಿ, ನಾನು ಎಣ್ಣಿ ಬಿಸಿ ಮಾಡಿ ಕೊಡ್ತೀನಿ."

ತಾತ್ಯಾ ಬಲಗೈ ಎತ್ತಿ ತಲೆ ಮುಟ್ಟಿದರು. ಎಡಗೈ ಗಲ್ಲದವರೆಗೆ ಬಂದು ನಿಂತಿತು. ಅವರು ಅದನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು, ಗಲ್ಲ ಕೆರೆದುಕೊಳ್ಳಲೆಂದೇ ಎತ್ತಿದವರಂತೆ ಕೆರೆದುಕೊಂಡರು. ಸೀಸೆಗೆ ಮುಚ್ಚಳ ಹಾಕಿದರು.

"ನಿನ್ನ ಕೈ ತಿಕ್ಕಿದಾಗ ನನಗ ಗೊತ್ತಿರಲಿಲ್ಲಲೇ ಹಿಂದ್ಯಾ" ಎಂದರು ಹೊಸ್ತಿಲ ಹತ್ತಿರ.

"ನನಗೂ ಗೊತ್ತಿರಲಿಲ್ಲ ತಾತ್ಯಾ. ನಲವತ್ತು ವರ್ಷ ಗೊತ್ತಿರಲಿಲ್ಲ."

ಇಷ್ಟು ದೃಢವಾಗಿ ನಡೆದುಕೊಂಡ ಮನುಷ್ಯ ಸಂಜೆಯ ಹೊತ್ತಿಗೆ ಎಣ್ಣೆ ಬಿಸಿಗಿಟ್ಟರು. ಚಳಿ ಬಿದ್ದಿತ್ತು, ಸಂಗ್ರಾಮನಿಗೆ ನೋವು ಹೆಚ್ಚಾಗಿತ್ತು. ಗೋಡೆಯ ಕಡೆ ತಿರುಗಿ ಮಲಗಿದ್ದ. "ವಸ್ತಾದ್, ಒಂದ ಸಲ" ಎಂದ. "ಮ್ಯಾಲಿಂದ ಮ್ಯಾಲೆ. ಡಾಕ್ಟರಿಗೆ ಯಾರು ಹೇಳ್ತಾರ? ಹೆಂಗೂ ಕಾಲು ಹೋಗೂದಿದ್ರ ಹೋಗೇ ಹೋಗತೈತಿ."

ಸಂತೆಯಿಂದ ಬಂದ ಹೌಸಾಬಾಯಿಗೆ ಬಾಗಿಲಲ್ಲೇ ಎಳ್ಳೆಣ್ಣೆ, ಅರಿಸಿನದ ವಾಸನೆ ಬಂತು. ಚೀಲ ಅಲ್ಲೇ ಬಿಟ್ಟು ಒಳಗೆ ಹೋದಳು. ಗಂಡ ಹುಡುಗನ ಕಾಲ ಬಳಿ ಕೂತು ಕಣ್ಣು ಮುಚ್ಚಿ ತಿಕ್ಕುತ್ತಿದ್ದರು.

"ಯಾವ ಕಾಲ್ರಿ ಅದು?"

"ಚಲೋ ಕಾಲು" ಎಂದರು ಹಿಂದುರಾವ್ ಕಣ್ಣು ತೆರೆಯದೆ.

ಅವಳು ಬಗ್ಗಿ ನೋಡಿದಳು. ಬಲಗಾಲೇ ಆಗಿತ್ತು. ಅದರಲ್ಲೂ ತೊಡೆಯಲ್ಲ, ಅಂಗಾಲು. ಏನೂ ಆಗಿರದ ಆ ಅಂಗಾಲಿಗೆ ಅಂಥ ಸೇವೆ ಹಿಂದೆಂದೂ ಸಿಕ್ಕಿರಲಿಲ್ಲ. ಎಡಗಾಲು ದಿಂಬಿನ ಮೇಲೆ, ಅದರ ಮೇಲೆ ಹೌಸಾಬಾಯಿಯ ಹಳೆಯ ಸೀರೆ. ಹುಡುಗ ನಿದ್ದೆ ಹೋಗಿದ್ದ.

"ಹಗೂರ" ಎಂದಳು ಅವಳು. "ಅದರಾಗೂ ಏನರ ಹುಟ್ಟಿಸಿಗಿಟ್ಟೀರಿ."

ಉಳಿದ ಎಣ್ಣೆಯನ್ನು ಅವಳು ರಾತ್ರಿಯ ಕಡಲೆಹಿಟ್ಟಿನ ಪಿಠ್ಲದ ಒಗ್ಗರಣೆಗೆ ಬಳಸಿದಳು. ಮರುದಿನದಿಂದ ಹಿಂದುರಾವ್ ತಾಲೀಮಿನಲ್ಲಿ ಕೈಗಳ ಮೇಲೆ ಕೂರತೊಡಗಿದರು.

ಸಂಕ್ರಾಂತಿಯ ಮರುದಿನ ಇಬ್ಬರೂ ಮಿರಜಿಗೆ ಹೋದರು. ಎಕ್ಸ್‌ರೇ ತೆಗೆಯುವವನ ಕೋಣೆಯ ಹೊರಗೆ ಹಿಂದುರಾವ್ ಜೇಬಿನಲ್ಲಿದ್ದ ತಿಳಗುಳದ ಎಳ್ಳುಂಡೆಯನ್ನು ತೆಗೆದು ನೋಡಿ, ಮತ್ತೆ ಜೇಬಿಗೆ ಹಾಕಿದರು. ಸಬನೀಸ್ ಹಾಳೆಯನ್ನು ಬೆಳಕಿಗೆ ಹಿಡಿದರು. ತೊಡೆಯ ಮೂಳೆಯ ಪಕ್ಕದಲ್ಲಿ ಮೊಟ್ಟೆಯಾಕಾರ. ಒಳಗೆ ಮಸುಕು, ಸುತ್ತಲೂ ತೆಳುವಾದ ಬಿಳಿ ಅಂಚು. ತೊಡೆಯ ಮೂಳೆಗೂ ಅದಕ್ಕೂ ನಡುವೆ ಕಪ್ಪು ಗೆರೆ. ಅಂದರೆ ಅದು ಮೂಳೆಯಿಂದ ಹೊರಟದ್ದಲ್ಲ.

"ಚಿಪ್ಪು ಬಂದೈತಿ" ಎಂದರು. "ಕ್ಯಾನ್ಸರ್ ಅಲ್ಲ. ನಿಮ್ಮ ಕೈಯಿಂದ ಹುಟ್ಟಿದ್ದು."

ಸಂಗ್ರಾಮ ಕುರ್ಚಿಯಲ್ಲಿ ಕೂತು ಟವೆಲಿನಿಂದ ಮುಖ ಒರೆಸಿಕೊಂಡ, ಬೆವರಿರದಿದ್ದರೂ. ಹಿಂದುರಾವ್ ಹಾಳೆಯ ಹತ್ತಿರ ಹೋಗಿ ನಿಂತರು. ನಲವತ್ತು ವರ್ಷದಲ್ಲಿ ತಮ್ಮ ಕೈಗೆಲಸ ಒಳಗಿಂದ ಹೇಗೆ ಕಾಣುತ್ತದೆಂದು ಅವರು ನೋಡಿದ್ದು ಅದೇ ಮೊದಲು.

"ದುಂಡಗ ಬಂದೈತಿ" ಎಂದರು, ತಡೆಯಲಾರದೆ.

"ಬಂದೈತಿ" ಎಂದರು ಡಾಕ್ಟರು. "ಇನ್ನೊಂದು ಮಾಡಬ್ಯಾಡ್ರಿ."

ಗಂಟು ಪೂರ್ತಿ ಬಲಿತ ಮೇಲೆಯೇ ತೆಗೆಯಬೇಕು. ಎಳೆಯದನ್ನು ಕೆತ್ತಿದರೆ ಮತ್ತೆ ಬೆಳೆಯುತ್ತದೆ. ಮುಂದಿನ ದೀಪಾವಳಿಯ ಸುಮಾರಿಗೆ ಎಂದಿದ್ದಾರೆ. ಅಷ್ಟರಲ್ಲಿ ಅದು ತಾನಾಗಿ ಕರಗಿ, ಮಂಡಿ ಮಡಚತೊಡಗಿದರೆ ತೆಗೆಯುವುದೇ ಬೇಡ. ಅಲ್ಲಿಯವರೆಗೆ ಸಂಗ್ರಾಮನಿಗೆ ಕುಸ್ತಿ ಇಲ್ಲ. ಸೋಮವಾರದಿಂದ ಅವನು ಗಿರಣಿಯಲ್ಲಿ ಕೂರುತ್ತಾನೆ. ಉಂಬರ ತಾಲೀಮಿನಲ್ಲಿ ಯಾರ ಮೊಣಕೈಯಾದರೂ ತಪ್ಪಿದರೆ ಗಿರಣಿ ನಿಲ್ಲಿಸಿ ಅವರನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ಯುವ ಕೆಲಸವೂ ಅವನದೇ.